ಬಂತು, ಹೋಯ್ತು

ಊರೆಲ್ಲ ಅವನನ್ನು ಡೈಲಾಗ್ ಅಂತಲೇ ಕರೆಯುತ್ತಿತ್ತು. ಕೆಟ್ಟ ಕಾರು ಬಂದರೆ ಸಾಕು, ದೋಷ ಹುಡುಕುವ ಸ್ಕ್ಯಾನರನ್ನು ಸಿನಿಮಾ ಹೀರೋನಂತೆ ಎತ್ತಿ ಹಿಡಿದು, "ಈ ಗೇಟು ದಾಟಿ ಒಳಗೆ ಬಂದ್ಬಿಟ್ಟಿದ್ದೀಯ. ಸತ್ಯ ಕಕ್ಕೋವರೆಗೂ ಬಿಡಲ್ಲ!" ಎಂದು ಬಾನೆಟ್ಟಿಗೇ ಗದರುತ್ತಿದ್ದ. ಆದರೆ ತಿಂಗಳಿಂದ ಅದಕ್ಕೆ ಶಿಳ್ಳೆ ಹೊಡೆಯಲು ಪಕ್ಕದಲ್ಲಿ ಅಣ್ಣ ಇಲ್ಲ. ಗ್ಯಾರೇಜಿನ ನಡುವೆ ತಗಡಿನ ಗೋಡೆ ಎದ್ದಿತ್ತು. ಆಚೆ ಅಣ್ಣನ ಎಂಜಿನ್ ಕೆಲಸ, ಈಚೆ ಇವನ ವೈರಿಂಗ್ ಕೆಲಸ.

ಎಲ್ಲ ಒಂದು ಸ್ಟಿಕ್ಕರಿನ ಪುಣ್ಯ. ತಮಾಷೆಗೆಂದು ಇವನು ಒಂದು ಕಾರಿನ ಮೀಟರಿಗೆ ಎಂಜಿನ್ ಕೆಟ್ಟಿದೆ ಎನ್ನುವ ದೀಪದಂಥ ಸ್ಟಿಕ್ಕರ್ ಅಂಟಿಸಿದ್ದ. ಪಾಪ, ಅಣ್ಣ ಅರ್ಧ ಎಂಜಿನ್ ಬಿಚ್ಚಿ ಹಾಕಿದ ಮೇಲೆ ಇವನು ಅದನ್ನು ಉಗುರಿನಿಂದ ಕಿತ್ತು, "ರಿಪೇರಿ ಆಯ್ತು!" ಅಂದ. ಗಿರಾಕಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣ ನಗಲಿಲ್ಲ. ಮರುದಿನ ತಗಡು ಬಂತು, ಮಾತು ಹೋಯಿತು.

ಇವತ್ತು ಬಂದ ಟ್ಯಾಕ್ಸಿಯಲ್ಲಿ ಮಾತ್ರ ನಿಜವಾದ ದೀಪವೇ ಉರಿದು ಆರುತ್ತಿತ್ತು. ಎಂಜಿನ್ನಿನ ಕಂಪ್ಯೂಟರಿಗೂ ಗೇರಿನ ಕಂಪ್ಯೂಟರಿಗೂ ಸಂಪರ್ಕ ತಪ್ಪಿದೆ ಎಂದಿತು ಸ್ಕ್ಯಾನರಿನ ಕೋಡು. ಎರಡೂ ಗಟ್ಟಿಮುಟ್ಟಾಗಿದ್ದವು, ನಡುವಿನ ವೈರು ಎಲ್ಲೋ ಕೈಕೊಡುತ್ತಿತ್ತು.

"ನಿಮ್ಮನೇಲೂ ಅದೇ ಕಥೇನಾ?" ಎಂದು ಡೈಲಾಗ್ ಟ್ಯಾಕ್ಸಿಯನ್ನೇ ಕೇಳಿದ.

ಇಂಥದ್ದನ್ನು ಹಿಡಿಯಲು ಇಬ್ಬರು ಬೇಕು. ಒಬ್ಬ ವೈರನ್ನು ಗೇಣುಗೇಣಾಗಿ ಅಲುಗಾಡಿಸಬೇಕು, ಇನ್ನೊಬ್ಬ ಸೀಟಿನಲ್ಲಿ ಕೂತು ದೀಪ ನೋಡಿ "ಬಂತು, ಹೋಯ್ತು" ಅನ್ನಬೇಕು. ಇವನು ಅಲುಗಾಡಿಸಿ ಓಡಿಬಂದು ನೋಡುವಷ್ಟರಲ್ಲಿ ದೀಪ ಆರಿರುತ್ತಿತ್ತು. ಮೀಟರ್ ಮುಂದೆ ಫೋನಿಟ್ಟು ವಿಡಿಯೋ ತೆಗೆದ. ಆನ್ ಆಗಿದ್ದದ್ದು ಸೆಲ್ಫಿ ಕ್ಯಾಮೆರಾ. ವಿಡಿಯೋ ತುಂಬ ಖಾಲಿ ಸೀಟು.

ಅದನ್ನು ಕೊನೆಯವರೆಗೂ ನೋಡಿದ. ಆಮೇಲೆ ಹೋಗಿ ತಗಡು ತಟ್ಟಿದ.

"ಅಣ್ಣಾ... ಒಂಚೂರು ಸೀಟಲ್ಲಿ ಕೂತ್ಕೋತೀಯಾ?"

ಆಚೆ ಸ್ಪ್ಯಾನರಿನ ಸದ್ದು ನಿಂತಿತು. "ಇದೂ ಸ್ಟಿಕ್ಕರಾ?"

"ನಿನ್ನಾಣೆ ಅಲ್ಲ ಕಣಣ್ಣ."

ಅಣ್ಣ ಬಂದ. ಮೊದಲು ಮೀಟರಿನ ದೀಪವನ್ನು ಉಗುರಿನಿಂದ ಕೆರೆದು ನೋಡಿದ. ಆಮೇಲೆ ಕೂತ. ಇವನು ಬಾನೆಟ್ಟಿನೊಳಗೆ ತಲೆ ಹಾಕಿ ವೈರು ಹಿಡಿದ.

"ಈಗ?"

"ಬಂತು."

"ಈಗ?"

"ಹೋಯ್ತು."

ತಿಂಗಳ ನಂತರದ ಮಾತುಕತೆ, ಅಣ್ಣನದು ತಿರುಗಿ ಮುರುಗಿ ಅವೇ ಎರಡು ಪದ. ಡೈಲಾಗ್‌ಗೆ ಅದೇ ಹಬ್ಬ. ಕೊನೆಗೆ ಬ್ಯಾಟರಿಯ ಕೆಳಗೆ ಉಜ್ಜಿ ಸವೆದ ವೈರು ಸಿಕ್ಕಿತು. ಬೆಸುಗೆ ಹಾಕಿ ಟೇಪು ಸುತ್ತಿದ.

ಇನ್ನು "ಆಯ್ತು" ಅಂದರೆ ಅಣ್ಣ ಎದ್ದು ಹೋಗುತ್ತಾನೆ. ಆ ಒಂದು ಡೈಲಾಗ್ ಮಾತ್ರ ಬಾಯಿಗೆ ಬರಲಿಲ್ಲ. ಕೈಗೆ ಸಿಕ್ಕಿದ್ದು ಗಾಜು ತೊಳೆಯುವ ನೀರಿನ ಪೈಪು. ಕರೆಂಟೇ ಹರಿಯದ ಅದನ್ನೇ ಹಿಡಿದು ಅಲುಗಾಡಿಸಿದ.

"ಈಗ?"

ಸೀಟು ಹಿಂದಕ್ಕೆ ಒರಗಿದ ಸದ್ದು ಕೇಳಿತು.

"ಬಂತು," ಅಂದ ಅಣ್ಣ.

ಡೈಲಾಗ್ ಬಾನೆಟ್ಟಿನ ಸಂದಿಯಿಂದ ಇಣುಕಿದ. ಅಣ್ಣ ದೀಪ ನೋಡುವುದು ಬಿಟ್ಟು ಸೀಟಿಗೊರಗಿ ಕಣ್ಣು ಮುಚ್ಚಿಕೊಂಡಿದ್ದ.

ಇವನು ಸದ್ದು ಮಾಡದೆ ತಲೆ ಒಳಗೆಳೆದುಕೊಂಡು ಮತ್ತೆ ಅದೇ ಪೈಪು ಹಿಡಿದ.

"ಈಗ?"