ಒಲ್ಲೆ ಅಂದ ಮೇಲಿನ ಪುಟ

ಮೊಬೈಲಿನಲ್ಲಿ ಓದುವ ಪುಸ್ತಕವೊಂದನ್ನು ಬರೆದಿದ್ದೆ. ಓದುವವರೇ ದಾರಿ ಆರಿಸಿಕೊಳ್ಳುವ ಕತೆ. ಹದಿನೈದರ ಗಂಗಿಯನ್ನು ಸೋದರಮಾವನಿಗೆ ಕೊಡಲು ಮನೆಯವರು ತುದಿಗಾಲಲ್ಲಿ ನಿಂತಿದ್ದಾರೆ. ಪುಟದ ಕೆಳಗೆ ಎರಡು ಬಟನ್: ‘ಹೂಂ’, ‘ಒಲ್ಲೆ’. ಒತ್ತಿದ್ದಕ್ಕೆ ತಕ್ಕ ಪುಟ ತೆರೆಯುತ್ತದೆ.

ಮೊದಲು ಓದಲು ಕೊಟ್ಟದ್ದು ನಮ್ಮವ್ವ ಗುರುಸಿದ್ದವ್ವನಿಗೆ. ನನ್ನ ಜೊತೆಗೇ ಅಕ್ಷರ ಕಲಿತವಳು. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಎದ್ದು ಬಂದು ಕೂತಳು, ‘ಒಲ್ಲೆ’ ಒತ್ತಿದಳು. ಗಂಗಿ ಹೊಸ್ತಿಲಲ್ಲಿ ನಿಂತು ಒಲ್ಲೆ ಅಂದಳು. ಅವ್ವ ಖುಷಿಯಿಂದ ಬೆರಳಿಗೆ ಎಂಜಲು ಹಚ್ಚಿ, ಕಾಗದದ ಪುಸ್ತಕವೆಂಬಂತೆ ಪುಟ ಸರಿಸಿದಳು. ಮುಂದಿನ ಪುಟದಲ್ಲಿ ಗಂಗಿಯ ತಲೆಯ ಮೇಲೆ ಅಕ್ಕಿಕಾಳು ಬೀಳುತ್ತಿದ್ದವು.

“ಶೀಲಾ, ಒಲ್ಲೆ ಅಂದಾಳಲ್ಲ! ಮತ್ಯಾಕ ಲಗ್ನಾ ಮಾಡಿದ್ರು?”

ತಪ್ಪು ನನ್ನದೇ. ಬಟನ್‌ಗಳನ್ನು ಸರಿಯಾಗಿಯೇ ಜೋಡಿಸಿದ್ದೆ. ಆದರೆ ಬೆರಳಿನಿಂದ ಸರಿಸಿದರೆ ಪುಸ್ತಕ ಸಾಲಾಗಿ ಮುಂದಿನ ಪುಟಕ್ಕೇ ಹೋಗುತ್ತದೆ ಎಂಬುದನ್ನು ಮರೆತಿದ್ದೆ. ‘ಹೂಂ’ ಅಂದವರಿಗೆ ಇಟ್ಟ ಮದುವೆಯ ಪುಟ ಅಲ್ಲೇ ಪಕ್ಕದಲ್ಲಿತ್ತು.

“ನನಗೂ ಹಿಂಗ ಮಾಡಿದ್ರು,” ಅಂದಳು ಅವ್ವ. “ಒಲ್ಲೆ ಅಂದಿದ್ನಿ. ಎಲ್ಲಾರೂ ಕೇಳಿಸ್ಕೊಂಡ್ರು. ಮತ್ತ ಅಕ್ಕಿಕಾಳು ಹಾಕಿದ್ರು.”

ಇಷ್ಟು ವರ್ಷದಲ್ಲಿ ಅವ್ವ ಇದನ್ನು ಹೇಳಿದ್ದು ಇದೇ ಮೊದಲು.

ಬಾಗಲಕೋಟೆಯ ಪ್ರಕಾಶಕ ನಾಗಲಿಂಗ ಅವರಿಗೆ ಫೋನ್ ಮಾಡಿದೆ. ಗಂಗಿ ಒಲ್ಲೆ ಅನ್ನುವ ಪುಟದಲ್ಲಿ ಬೆರಳಿನಿಂದ ಸರಿಸುವುದನ್ನೇ ಬಂದ್ ಮಾಡುತ್ತೇನೆ ಅಂದೆ. ಪಾಪ, ಅವರಿಗೆ ಮಂದಿಯ ಅಂಜಿಕೆ ಭಾಳ.

“ಇರ್ಲಿ ಬಿಡ್ರಿ ಮೇಡಂ. ಒಲ್ಲೆ ಅನ್ನೋರು ಅನ್ಲಿ, ಸರಿಸಿದ್ರ ಲಗ್ನಾ ಆಗ್ಲಿ. ಯಾರಿಗೂ ಸಿಟ್ಟ ಬರಂಗಿಲ್ಲ. ನೀವು ಬಂದ್ ಮಾಡಿದ್ರ ನಾ ಪುಸ್ತಕಾ ತರಂಗಿಲ್ಲ.”

“ತರಬ್ಯಾಡ್ರಿ. ನಾನ ತರ್ತೇನಿ. ಊರಾಗಿನ ಎಲ್ಲಾ ಹುಡಿಗ್ಯಾರ ಫೋನಿಗೂ ಪುಕ್ಕಟೆ ಕಳಸ್ತೇನಿ.”

ನಾಲ್ಕು ದಿನ ಕೂತು ತಿದ್ದಿದೆ. ಈಗ ಆ ಪುಟದಿಂದ ಹೊರಗೆ ಹೋಗುವ ದಾರಿ ಒಂದೇ, ‘ಸಾಲಿಗೆ ಹೋಗು’ ಎಂಬ ಬಟನ್; ಒತ್ತಿದರೆ ಗಂಗಿ ಶಾಲೆಗೆ ಹೋಗುತ್ತಾಳೆ. ಮೊದಲು ಅವ್ವನಿಗೇ ಕೊಟ್ಟೆ. ‘ಒಲ್ಲೆ’ ಒತ್ತಿ, ಬೆರಳಿಗೆ ಎಂಜಲು ಹಚ್ಚಿ ಸರಿಸಿದಳು. ಮತ್ತೆ ಸರಿಸಿದಳು. ಐದು ಸಲ, ಆರು ಸಲ. ಗಂಗಿ ಹೊಸ್ತಿಲು ಬಿಟ್ಟು ಕದಲಲಿಲ್ಲ. ಅವ್ವ ಸೆರಗಿನಿಂದ ಪರದೆ ಒರೆಸಿ, ಆಮೇಲೆ ಕಣ್ಣು ಒರೆಸಿಕೊಂಡಳು.

ನಾಗಲಿಂಗ ಅವರಿಗೂ ಒಂದು ಪ್ರತಿ ಕಳಿಸಿದೆ, ನೋಡಿಕೊಳ್ಳಲಿ ಅಂತ. ಸಂಜೆಯೊಳಗೆ ಫೋನ್ ಬಂತು.

“ಮೇಡಂ, ಪುಟಾ ಮುಂದಕ್ಕ ಹೋಗವಲ್ತು! ಎಷ್ಟ ತಿಕ್ಕಿದ್ರೂ ಆಕಿ ಅಲ್ಲೇ ನಿಂತಾಳ!”

ಅವ್ವ ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

“ತಿಕ್ಕಬ್ಯಾಡ್ರಿ ಸಾಹೇಬ್ರ. ಆಕಿ ಒಲ್ಲೆ ಅಂದಾಳ.”