ಕೆಳಗಿನ ಮುಚ್ಚಳ

ಘೋಣಸಗಿ ಹತ್ತಿರದ ಕಾಲುವೆ ಕೆಲಸದಲ್ಲಿ ಬಸಗೊಂಡಪ್ಪನ ಹೈಬ್ರಿಡ್ ಎಕ್ಸ್‌ಕವೇಟರ್ ಬಕೆಟ್ಟನ್ನು ನೆಲಕ್ಕೆ ಊರಿ ನಿಂತುಬಿಟ್ಟಿತ್ತು. ಡೀಸೆಲ್ ಎಂಜಿನ್ ನಡೆಯುತ್ತಿತ್ತು, ಮೇಲಿನ ಮೈ ಮಾತ್ರ ತಿರುಗುತ್ತಿರಲಿಲ್ಲ. ಆ ಮಷಿನ್ನಿನಲ್ಲಿ ಅದನ್ನು ತಿರುಗಿಸುವುದು ಕರೆಂಟಿನ ಮೋಟರು. ಪರದೆಯ ಮೇಲೆ ಕೆಂಪು ಕೋಡ್ ಬಂದಿತ್ತು. ವಿಜಯಪುರದ ವರ್ಕ್‌ಶಾಪಿನಿಂದ ಬಂದ ಚೇತನಕುಮಾರನಿಗೆ ಅದರ ಅರ್ಥ ಬಾಯಿಪಾಠವಾಗಿತ್ತು. ದೊಡ್ಡ ಕರೆಂಟು ಎಲ್ಲೋ ಕಬ್ಬಿಣದ ಮೈಗೆ ಸೋರುತ್ತಿದೆ. ಎಲ್ಲಿ ಎಂಬುದನ್ನು ಕೋಡ್ ಹೇಳುವುದಿಲ್ಲ, ಹುಡುಕಬೇಕು.

‘ಮುಂಜಾನೆ ಚಾಲೂ ಮಾಡಿದ ಕೂಡ್ಲೆ ಬಂತ್ರಿ ಸಾಹೇಬ್ರ,’ ಎಂದ ಅಮೀನಸಾಬ. ಟಿಕೋಟಾದವನು, ಮಷಿನ್ ಬಂದ ದಿನದಿಂದ ಅದರ ಆಪರೇಟರ್.

‘ಸಾಹೇಬ್ರ ಅನಬ್ಯಾಡ್ರಿ ಚಾಚಾ.’

‘ಮಷಿನ್ ಡಾಕ್ಟರ್‌ಗ ಸಾಹೇಬ್ರ ಅನ್ನಲಿಲ್ಲಂದ್ರ ದೊಡ್ಡ ಸೂಜಿ ತಗೀತಾರ್ರಿ.’

ಅಷ್ಟರಲ್ಲಿ ಬಬಲೇಶ್ವರದಿಂದ ಮಾಲೀಕ ಬಸಗೊಂಡಪ್ಪ ಬಂದು ಬೈಕ್ ನಿಲ್ಲಿಸಿದ. ‘ಎಣ್ಣಿ ಉಳಸ್ತೈತಿ ಅಂತ ಹೇಳಿ ಮಾರಿದ್ರಿ. ಖರೇನ ಐತಿ ಬಿಡ್ರಿ. ನಿಂತ ಮಷಿನ್ ಏನ್ ಎಣ್ಣಿ ಕುಡಿತೈತಿ?’

ಚೇತನಕುಮಾರ ಕೀ ತೆಗೆದು ಕೆಪ್ಯಾಸಿಟರ್‌ನಲ್ಲಿ ಕೂಡಿದ್ದ ಕರೆಂಟು ಇಳಿಯುವವರೆಗೆ ಕಾದ. ರಬ್ಬರ್ ಕೈಗವಸು ಹಾಕಿಕೊಂಡು ಮೀಟರ್ ಹಚ್ಚಿದ. ಸೋರಿಕೆ ಹಿಂಭಾಗದ ದೊಡ್ಡ ಕರೆಂಟಿನ ಡಬ್ಬಿಯ ಕಡೆ ಇತ್ತು. ಡಬ್ಬಿಯ ಮೇಲೆ ಚೆಂಡುಹೂವಿನ ಮಾಲೆ, ಕುಂಕುಮ. ಮಾಲೆ ಸರಿಸಿ ಮೇಲಿನ ಮುಚ್ಚಳ ಬಿಚ್ಚಿದ. ಅಂಚಿನಲ್ಲಿ ನೀರಿನ ಪಸೆ ಕಂಡಿತು. ಕೆಳಗೂ ಒಂದು ಮುಚ್ಚಳವಿತ್ತು. ಅದನ್ನು ತೆಗೆಯಬೇಕೆಂದರೆ ಹತ್ತುವ ಮೆಟ್ಟಿಲಿನ ಕಬ್ಬಿಣವನ್ನೇ ಬಿಚ್ಚಬೇಕು. ಕಬ್ಬಿಣ ಕೈ ಸುಡುತ್ತಿತ್ತು. ಕನಮಡಿಯಲ್ಲಿ ಇನ್ನೊಂದು ಮಷಿನ್ ನಿಂತಿದೆ ಎಂದು ವರ್ಕ್‌ಶಾಪಿನಿಂದ ಮತ್ತೆ ಮತ್ತೆ ಫೋನ್ ಬರುತ್ತಿತ್ತು.

‘ಮಷಿನ್ ತೊಳದಿದ್ರೇನ್ ಚಾಚಾ?’

‘ನಿನ್ನಿ ತೊಳದೀನ್ರಿ. ಅಮಾಸಿ ಇತ್ತಲ್ರಿ, ಪೂಜಾ ಇತ್ತು.’

‘ಪ್ರೆಶರ್ ಪೈಪಲೆ?’

‘ಹೌದ್ರಿ. ಆದ್ರ ಈ ಡಬ್ಬಿ ಕಡೆ ಹಿಡಿದಿಲ್ರಿ. ಕಿತ್ತಳಿ ಬಣ್ಣದ ಕೇಬಲ್ ಇದ್ದಲ್ಲೆ ನೀರ ಬ್ಯಾಡ ಅಂತ ಟ್ರೇನಿಂಗ್‌ದಾಗ ಹೇಳಿದ್ರಲ್ಲ.’

ಎಲ್ಲ ಆಪರೇಟರುಗಳೂ ಹಾಗೇ ಹೇಳುತ್ತಾರೆ. ಚೇತನಕುಮಾರ ಕೆಳಗಿನ ಮುಚ್ಚಳದ ಗೊಡವೆಗೆ ಹೋಗದೆ ಬಿಸಿಗಾಳಿಯ ಬ್ಲೋವರ್ ಹಿಡಿದು ಡಬ್ಬಿ ಒಣಗಿಸಿದ. ಮಧ್ಯಾಹ್ನದ ಬಿಸಿಲೂ ಸೇರಿ ಮೀಟರ್ ಸರಿಯಾದ ಅಂಕಿ ತೋರಿಸಿತು. ಕೋಡ್ ಅಳಿಸಿದ. ಮಷಿನ್ ತಿರುಗಿತು.

‘ಏನಾಗಿತ್ರಿ?’ ಬಸಗೊಂಡಪ್ಪ ಕೇಳಿದ.

‘ತೊಳಿಯುವಾಗ ನೀರ ಹೋಗೈತ್ರಿ.’

ಕೂಲಿಯವರು ಸುತ್ತ ನಿಂತಿದ್ದರು. ಬಸಗೊಂಡಪ್ಪ ತಿರುಗಿ, ‘ಎಷ್ಟ್ ವರ್ಷ ಆತೋ ಅಮೀನ್ಯಾ ಮಷಿನ್ ಹೊಡಿಯಾಕತ್ತು? ತೊಳಿಯೂದೂ ಕಲಿಸ್ಬೇಕೇನ್ ನಿನಗ?’ ಎಂದ. ಅಮೀನಸಾಬ ಚೇತನಕುಮಾರನ ಮುಖ ನೋಡಿದ. ಚೇತನಕುಮಾರ ಮೀಟರಿನ ವೈರು ಸುತ್ತುತ್ತಿದ್ದ. ‘ಇರಬಹುದು’ ಎಂಬ ಒಂದು ಮಾತು ಸೇರಿಸಿದ್ದರೂ ಸಾಕಿತ್ತು. ಸೇರಿಸಲಿಲ್ಲ.

ಅಮೀನಸಾಬನನ್ನು ಮಷಿನ್ನಿನಿಂದ ಇಳಿಸಿದ್ದು ಚೇತನಕುಮಾರನಿಗೆ ಗೊತ್ತಾದದ್ದು ಮುಂದಿನ ಅಮಾವಾಸ್ಯೆ ಮುಗಿದ ಮೇಲೆ. ಅದೇ ಜಾಗ, ಅದೇ ಕೋಡ್. ಸೀಟಿನಲ್ಲಿ ಬಸಗೊಂಡಪ್ಪನ ಅಕ್ಕನ ಮಗ ಮಾಳು ಕೂತಿದ್ದ.

‘ಅಮೀನಸಾಬ ಎಲ್ಲಿ?’

‘ಮಾವ ಬಿಡಿಸ್ಯಾನ್ರಿ. ನೀವು ಬಂದ್ ಹೋದಿರಲ್ಲ, ಅವತ್ತ ಸಂಜೀಕನ.’

‘ನೀನೂ ಪೈಪ್ ಹಿಡಿದೇನ್ ಮತ್ತ?’

‘ಒಂದ ಹನಿ ನೀರ ಹಾಕಿದ್ರ ಕೇಳ್ರಿ! ಅವರಿಗಾದದ್ದು ನೋಡೀನಲ್ಲ. ಒಣಾ ಅರಿಬಿಲೆ ಒರಸೀನಿ.’

ಚೇತನಕುಮಾರ ಮೆಟ್ಟಿಲಿನ ಕಬ್ಬಿಣ ಬಿಚ್ಚಿದ. ಕೆಳಗಿನ ಮುಚ್ಚಳ ತೆಗೆಯುತ್ತಲೇ ಇರುವೆಗಳು ಕೈಗವಸಿನ ಮೇಲೆ ಹರಿದವು. ಒಳಗೆ ಕಿತ್ತಳೆ ಕೇಬಲ್ ಬಂದು ಸೇರುವ ಕನೆಕ್ಟರ್ ಕುಂಕುಮ ಬೆರೆತ ಅಂಟಿನಲ್ಲಿ ಮುಳುಗಿತ್ತು. ತೆಂಗಿನ ನಾರು, ಚಿಪ್ಪಿನ ಚೂರು. ತಾಮ್ರದ ಪಿನ್ನುಗಳು ಹಸಿರುಗಟ್ಟಿದ್ದವು, ಅವುಗಳ ನಡುವೆ ಸತ್ತ ಇರುವೆಗಳು ಒತ್ತಾಗಿ ಕೂತಿದ್ದವು. ಮೇಲೆ, ಡಬ್ಬಿಯ ಒಂದು ಮೂಲೆಯಲ್ಲಿ ಬಣ್ಣ ಕಿತ್ತು ಬಿಳಿ ಕಬ್ಬಿಣ ಹೊಳೆಯುತ್ತಿತ್ತು.

‘ಕಾಯಿ ಇಲ್ಲೇ ಒಡಿತೀರೇನ?’

‘ಮಾವನ ಒಡಿತಾನ್ರಿ. ಮಷಿನ್ ಕೊಡುವಾಗ ಕಂಪನಿಯವರು ಇದ ಡಬ್ಬಿ ಇದರ ಜೀವ ಅಂತ ತೋರಿಸಿದ್ರಂತ. ಅದಕ್ಕ ಮಾಲಿ, ಕಾಯಿ ಎಲ್ಲಾ ಇದಕ್ಕ.’

ಒಡೆದ ಕಾಯಿಯ ನೀರು ಬೋಲ್ಟಿನ ಸಂದಿಯಿಂದ ಇಳಿಯುತ್ತದೆ. ಹಸಿ ಇರುವಾಗ ಕರೆಂಟು ಸೋರುತ್ತದೆ, ಬಿಸಿಲಿಗೆ ಒಣಗಿದರೆ ಕೋಡ್ ಹೋಗುತ್ತದೆ. ಸಿಹಿಗೆ ಇರುವೆ ಬರುತ್ತವೆ. ಕಳೆದ ಸಲ ಅವನು ಸರಿ ಮಾಡಿದ್ದು ಏನೂ ಇರಲಿಲ್ಲ.

ಬಸಗೊಂಡಪ್ಪ ಬಂದು ಬಗ್ಗಿ ಮುಟ್ಟಿ ನೋಡಿದ. ‘ದೇವರ ಕಾಯಿ ಮಷಿನ್ ಕೆಡಸ್ತೈತೇನ್ರಿ?’

‘ದೇವರಲ್ರಿ, ನೀರು. ಮುಂದ ಬಕೆಟ್ ಕಡೆ, ನೆಲಕ್ಕ ಒಡೀರಿ.’

‘ಹೂಂ. ಅಲ್ಲೇ ಒಡಿಯೂಣು,’ ಎಂದ. ಅಷ್ಟು ಸಲೀಸಾಗಿ ಮುಗಿದುಹೋಯಿತು.

‘ಅಮೀನಸಾಬಂದು ತಪ್ಪಿರಲಿಲ್ರಿ.’

‘ಈಗ ಮಾಳು ಕುಂತಾನಲ್ಲ. ಅಕ್ಕನ ಮಗಾ, ಇಳಿಯೋ ಅನ್ನಾಕ ಬರತೈತೇನ್ರಿ?’ ಬಸಗೊಂಡಪ್ಪ ಅಂಗೈಗೆ ಹತ್ತಿದ ಅಂಟನ್ನು ಕರ್ಚೀಫಿಗೆ ಒರೆಸಿಕೊಂಡ. ‘ಮತ್ತ ನೀರ ಹೋಗೈತಿ ಅಂದವರ್ಯಾರು? ನಾ ಏನ್ ಇಂಜಿನೀರೇನ್ರಿ?’

ಕನೆಕ್ಟರ್ ಬದಲಿಸಿ, ಸಂದಿಗೆ ರಬ್ಬರ್ ಹಾಕಿ, ಚೇತನಕುಮಾರ ಟಿಕೋಟಾಕ್ಕೆ ಹೋದ. ಅಮೀನಸಾಬ ಮನೆಯಲ್ಲೇ ಸಿಕ್ಕ. ಒಂದು ಕಲ್ಲಿನ ಖಣಿಯಲ್ಲಿ ಹಳೆಯ ಮಷಿನ್ ಹೊಡೆಯುತ್ತಿದ್ದನಂತೆ, ಶುಕ್ರವಾರವೆಂದು ಬಂದಿದ್ದ. ಅವನ ಹೆಂಡತಿ ಜುಲೇಖಾ ಚಹಾ ತಂದಿಟ್ಟು ಬಾಗಿಲಲ್ಲೇ ನಿಂತಳು. ಚೇತನಕುಮಾರ ಕಂಡದ್ದನ್ನೆಲ್ಲ ಹೇಳಿದ.

‘ಇರಿವಿ!’ ಅಮೀನಸಾಬ ನಕ್ಕ. ‘ಇರಿವಿ ಬರ್ತಾವಂತ ನನಗೂ ಹೊಳದಿದ್ದಿಲ್ಲ. ಕಾಯಿ ನೀರ ಒಳಗ ಇಳಿತೈತೇನ ಅಂತ ಒಮ್ಮೆ ತಲಿಗಿ ಬಂದಿತ್ತು.’

‘ಬಂದಿತ್ತಂದ್ರ ಬಾಯಿ ಯಾಕ ಬಿಡಲಿಲ್ಲ?’ ಜುಲೇಖಾ ಗದರಿದಳು. ‘ಮನ್ಯಾಗ ಇಡೀ ದಿನಾ ಬಾಯಿ ಇರತೈತಿ.’

‘ಏನಂತ ಬಿಡ್ಲಿ ಬೇ? ನಿಮ್ಮ ಕಾಯಿಂದ ಮಷಿನ್ ಕೆಟ್ಟೈತಿ ಅಂತ ಅಮೀನಸಾಬ ಅಂದಾನ ಅಂದ್ರ, ಮಾತ ಮಷಿನ್ ಮ್ಯಾಲ ಉಳಿತಿತ್ತೇನ? ಪ್ರತಿ ಅಮಾಸಿಗಿ ಕಾಯಿ ತರಾಂವ ನಾನ. ತಾಟ ಹಿಡಕೊಂಡ ನಿಲ್ಲಾಂವನೂ ನಾನ.’ ಆಮೇಲೆ ಚೇತನಕುಮಾರನ ಕಡೆ ತಿರುಗಿದ. ‘ನೀವು ಹೇಳ್ತೀರಿ ಅಂತ ಅನಕೊಂಡಿದ್ದೆ ಸಾಹೇಬ್ರ. ನಿಮ್ಮ ಕೈಯಾಗ ಮೀಟರ್ ಇತ್ತು. ನೀವಂದಿದ್ರ ಅದು ಬರೇ ಮಷಿನ್ ಮಾತಾಗತಿತ್ತು.’

‘ನಾ ಕೆಳಗಿನ ಮುಚ್ಚಳಾನ ತಗೀಲಿಲ್ರಿ ಚಾಚಾ. ತಪ್ಪಾತು.’

‘ಚಹಾ ಆರತೈತಿ ಕುಡೀರಿ,’ ಎಂದಳು ಜುಲೇಖಾ. ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಆದರವೂ ಇರಲಿಲ್ಲ.

‘ಹೈಬ್ರಿಡ್ ಕೈಗಿ ಹತ್ತಿದ ಮ್ಯಾಲ ಖಣಿ ಮಷಿನ್ ತಿರಗಸಾಕ ಬ್ಯಾಸರ ಬರ್ತೈತಿ ನೋಡ್ರಿ,’ ಎಂದ ಅಮೀನಸಾಬ. ‘ಅದು ಸಪ್ಪಳಿಲ್ಲದ ತಿರಗತಿತ್ತು. ಬ್ಯಾರೆ ಎಲ್ಲೆರ ಹೈಬ್ರಿಡ್ ಇದ್ರ ಹೇಳ್ರಿ.’

ಮರುದಿನ ಚೇತನಕುಮಾರ ಹೈಬ್ರಿಡ್ ಇಟ್ಟಿದ್ದ ಇಬ್ಬರು ಮಾಲೀಕರಿಗೆ ಫೋನ್ ಮಾಡಿದ. ಮೊದಲನೆಯವನು ಜೋರಾಪುರ ಪೇಟೆಯವನು. ಅಮೀನಸಾಬನ ಹೆಸರು ಕೇಳಿದ ಕೂಡಲೇ, ‘ಬಸಗೊಂಡಪ್ಪನ ಮಷಿನ್‌ಗ ನೀರ ಹೊಡದು ಕೆಡಿಸಿದಾಂವ ಅವನ ಅಲ್ಲೇನ್ರಿ?’ ಎಂದ. ಅಲ್ಲ ಎಂದು ಚೇತನಕುಮಾರ ವಿವರಿಸತೊಡಗಿದ. ಅರ್ಧಕ್ಕೇ, ಬೇರೆ ಫೋನ್ ಬರುತ್ತಿದೆ ಎಂದು ಆತ ಇಟ್ಟುಬಿಟ್ಟ. ಎರಡನೆಯವನೂ ಅದನ್ನೇ ಕೇಳಿದ. ಆದರೆ ಕಾಯಿ, ಇರುವೆ, ಮುಚ್ಚಳ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ.

‘ಇರಲಿ ಬಿಡ್ರಿ,’ ಎಂದ ಕಡೆಗೆ. ‘ಬ್ಯಾರೆ ಯಾರೆರ ಇದ್ರ ಹೇಳ್ರಿ.’