ಚೆಂಡಿಗೆ ಕೇಳಿಸಿದ್ದು

ನನ್ನ ಓರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನೀರು ಸರಬರಾಜು ಕಚೇರಿಗೆ ಅವಳನ್ನು ಕೈಹಿಡಿದು ಕರೆತಂದವಳೂ ನಾನೇ. ಮೈದುನನ ಮದುವೆಯಾಗಿ ಸ್ವಲ್ಪ ಕಾಲವಾಗಿತ್ತು. “ಮನೇಲಿ ಕೂತು ಕೂತು ಬೇಜಾರಾಗಿದೆ ಅಕ್ಕ” ಎಂದು ಮುಖ ಸಪ್ಪಗೆ ಮಾಡಿಕೊಂಡಳು. ನನಗೆ ಕರುಳು ಚುರುಕ್ ಎಂದಿತು. ನಮ್ಮಲ್ಲೊಂದು ಕೆಲಸ ಖಾಲಿ ಇದೆ, ಬಾರೇ ಎಂದೆ. ಆಮೇಲೆ ಯಾರನ್ನು ಬೈಯಲಿ?

ನಾವು ಕೆಳಗಿನ ಮನೆಯಲ್ಲಿ, ಅವರು ಮಹಡಿಯ ಮೇಲೆ. ಅತ್ತೆ ಮಲಗುವುದು ಕೆಳಗೆ, ಹೊಗಳುವುದು ಮೇಲಿನವಳನ್ನು. ನನ್ನ ಗಂಡನೂ ಊಟಕ್ಕೆ ಕೂತಾಗ, “ಅವಳನ್ನ ನೋಡು, ಎಷ್ಟು ಸಮಾಧಾನ” ಎಂದು ಒಂದು ಮಾತು ಸೇರಿಸದೆ ಕೈ ತೊಳೆಯುವುದಿಲ್ಲ. ಸಮಾಧಾನವಂತೆ. ಫ್ಯಾನಿನ ಕೆಳಗೆ ಕೂತವರಿಗೆಲ್ಲ ಸಮಾಧಾನ ಇದ್ದೇ ಇರುತ್ತದೆ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಊರಿನ ನೀರಿನ ಪೈಪುಗಳೆಲ್ಲ ಹಳೆಯವು, ಎಲ್ಲವೂ ನೆಲದೊಳಗೆ. ತೊಟ್ಟಿಯಿಂದ ಹೊರಟ ನೀರಿನಲ್ಲಿ ಅರ್ಧ ಪಾಲು, ಮನೆ ಮುಟ್ಟುವ ಮೊದಲೇ ಎಲ್ಲೋ ಸೋರಿಹೋಗುತ್ತಿತ್ತು. ಎಲ್ಲಿ ಎಂದು ಹುಡುಕುವುದಕ್ಕೆ ಚೆಂಡುಗಳು ಬಂದವು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡವು. ಒಳಗೆ ಸದ್ದು ಹಿಡಿಯುವ ಕಿವಿ, ನೀರಿನ ಒತ್ತಡ ಅಳೆಯುವ ಸಾಧನ. ಗುಡ್ಡದ ತೊಟ್ಟಿಯ ಬಳಿ ಮೂರು ನಾಲ್ಕನ್ನು ಒಟ್ಟಿಗೆ ಪೈಪಿಗೆ ಬಿಟ್ಟರೆ ನೀರಿನ ಜೊತೆ ಹೋಗುತ್ತಾ, ಕವಲು ಬಂದಲ್ಲಿ ಬೇರೆಯಾಗುತ್ತಾ, ದಾರಿಯ ಸದ್ದನ್ನೆಲ್ಲ ತುಂಬಿಕೊಳ್ಳುತ್ತವೆ. ಪ್ರತಿ ವಾಲ್ವಿನ ಮೇಲೆ ಒಂದು ಪೆಟ್ಟಿಗೆ, ಚೆಂಡು ಯಾವಾಗ ಅಡಿಯಲ್ಲಿ ಹಾದುಹೋಯಿತು ಎಂದು ಅದು ಗುರುತು ಹಾಕಿಕೊಳ್ಳುತ್ತದೆ. ಕೊನೆಗೆ ಚೆಂಡು ಪೈಪಿನ ತುದಿಗೆ ಕಟ್ಟಿದ ಬಲೆಗೆ ಬೀಳುತ್ತದೆ. ಅದನ್ನು ಕಚೇರಿಯ ಕಂಪ್ಯೂಟರಿಗೆ ಜೋಡಿಸಿದ ಒಂದು ಬಟ್ಟಲಿನಲ್ಲಿ ಇಡಬೇಕು. ಆ ಬಟ್ಟಲಿಗೆ ನಾವು ತೊಟ್ಟಿಲು ಎನ್ನುತ್ತೇವೆ. ತೊಟ್ಟಿಲಲ್ಲಿಟ್ಟರೆ ಚೆಂಡು ಕೇಳಿದ್ದನ್ನೆಲ್ಲ ಹೇಳುತ್ತದೆ.

ಬಿಡುವವಳು ನಾನು, ಕೇಳುವವಳು ಅವಳು. ಬಿಸಿಲು, ಕೆಸರು, ಕಬ್ಬಿಣದ ಮುಚ್ಚಳ ನನಗೆ. ಹೆಡ್‌ಫೋನು, ನಕ್ಷೆ, ಕೆಂಪು ಪೆನ್ನು ಅವಳಿಗೆ. ಅವಳು ಗುರುತು ಹಾಕಿದ ಕಡೆ ರಸ್ತೆ ಅಗೆಯುತ್ತಾರೆ, ಒಡೆದ ಪೈಪು ಸಿಗುತ್ತದೆ, ಸುತ್ತ ನಿಂತವರು ಅವಳ ಹೆಸರು ಹೇಳುತ್ತಾರೆ. ಚೆಂಡು ತನ್ನಷ್ಟಕ್ಕೆ ತಾನೇ ನಡೆದುಕೊಂಡು ಹೋಗಿ ಪೈಪಿನೊಳಗೆ ಇಳಿಯಿತೇ ಎಂದು ಒಬ್ಬರಾದರೂ ಕೇಳಬೇಕಲ್ಲ.

ಇದನ್ನೆಲ್ಲ ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿಯವಳಲ್ಲ. ಜೀಪು ಓಡಿಸುವವನು, ನನ್ನ ಜೊತೆ ಮುಚ್ಚಳ ಎತ್ತುವವನು ಒಬ್ಬನೇ. ನಿವೃತ್ತಿ ಹತ್ತಿರ ಬಂದ ಮನುಷ್ಯ. ಏನು ಹೇಳಿದರೂ ‘ಹೂಂ’ ಎನ್ನುತ್ತಾನಾದ್ದರಿಂದ ಎಲ್ಲರೂ ಅವನನ್ನು ಹೂಂರಾಯ ಎಂದೇ ಕರೆಯುವುದು. ಚೆಂಡಿನ ಗುಂಡಿ ಒತ್ತಿ, ಹಸಿರು ದೀಪ ಹತ್ತಿಸಿ, ಪೈಪಿಗೆ ಬಿಡುವ ಮೊದಲು ಸ್ವಲ್ಪ ಹೊತ್ತು ನೆರಳಿನಲ್ಲಿ ಆರಲು ಬಿಡಬೇಕು. ಜೀಪಿನಲ್ಲಿ ಕಾದ ಚೆಂಡನ್ನು ನೇರ ತಣ್ಣೀರಿಗೆ ಹಾಕಿದರೆ ಒತ್ತಡದ ಲೆಕ್ಕ ತಪ್ಪುತ್ತದೆ. ಆ ಹೊತ್ತು ನನ್ನದು. ತೊಟ್ಟಿಯ ಕಟ್ಟೆಯ ಮೇಲೆ ಚೆಂಡುಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂತು ಬಾಯಿಗೆ ಬಂದದ್ದನ್ನೆಲ್ಲ ಹೂಂರಾಯನ ಮುಂದೆ ಸುರಿಯುತ್ತಿದ್ದೆ. ಅತ್ತೆ ಅವಳಿಗೆ ಕದ್ದುಮುಚ್ಚಿ ನೀಲಿ ಶಾಲು ಕೊಡಿಸಿದ್ದು, ನಮ್ಮ ಕಚೇರಿಯ ಸಾಹೇಬರು ಅವಳ ಮೇಜಿಗೆ ಟೀ ಕಳಿಸುವುದು, ಅವಳು ಕುದುರೆ ಹಾಗೆ ನಗುವುದು. ನಕ್ಕೂ ತೋರಿಸುತ್ತಿದ್ದೆ. “ಹೂಂ” ಎನ್ನುತ್ತಿದ್ದ ಅವನು. ಹೊಟ್ಟೆ ಹಗುರಾಗುತ್ತಿತ್ತು. ಆಮೇಲೆ ಚೆಂಡು ಬಿಡುತ್ತಿದ್ದೆ.

ಹೀಗಿರುವಾಗ ಮೇಲಿನ ಕಚೇರಿಯಿಂದ ಸುದ್ದಿ ಬಂತು. ಇಡೀ ಊರಿನ ಚೆಂಡಿನ ಕೆಲಸಕ್ಕೆಲ್ಲ ಒಬ್ಬ ಮೇಲ್ವಿಚಾರಕಿಯನ್ನು ನೇಮಿಸುತ್ತಾರಂತೆ. ಒಬ್ಬ ಅಧಿಕಾರಿಣಿ ಬಂದು, ಕೆಲಸ ನೋಡಿ, ಅಂದೇ ಆದೇಶ ಬರೆಸುತ್ತಾರಂತೆ. ಇರುವವರು ನಾವಿಬ್ಬರೇ. ಅವಳಿಗಿಂತ ಮೊದಲು ಬಂದವಳು ನಾನು. ಮೊದಲನೇ ಚೆಂಡು ನೀರು ಕಂಡಿದ್ದು ನನ್ನ ಕೈಯಿಂದ. ಆ ಹುದ್ದೆ ನನಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಸಿಗಬಾರದಿತ್ತು.

ಅಧಿಕಾರಿಣಿ ಬರುವ ದಿನ ಬೆಳಗ್ಗೆ ತೊಟ್ಟಿಯ ಬಳಿ ಒಂದೇ ಒಂದು ಚೆಂಡು ಬಿಡುವುದಿತ್ತು. ಅವತ್ತು ನನ್ನ ಬಾಯಿಗೆ ತಡೆಯೇ ಇರಲಿಲ್ಲ. ಅವಳನ್ನು ಬೈದೆ, ಸಾಹೇಬರನ್ನು ಬೈದೆ, ಬೈಯಲು ಬೇರೆ ಯಾರೂ ಸಿಗದೆ ಹೂಂರಾಯನ ಜೀಪನ್ನೂ ಬೈದೆ. ಕೊನೆಯಲ್ಲಿ ಇನ್ನೂ ಏನೋ ಅಂದೆ. ಅದಕ್ಕೆ ಮಾತ್ರ ಅವನು ಹೂಂ ಅನ್ನಲಿಲ್ಲ. ತಲೆಯೆತ್ತಿ ನನ್ನ ಮುಖ ನೋಡಿದ. ನಾನು ಚೆಂಡು ಬಿಟ್ಟು ಎದ್ದೆ. ಮಧ್ಯಾಹ್ನ ಬಲೆಯಿಂದ ಅದನ್ನು ತೆಗೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ನೇರವಾಗಿ ಸಭೆಗೆ ಹೋದೆ.

ಸಾಹೇಬರ ಕೋಣೆಯಲ್ಲಿ ಅಧಿಕಾರಿಣಿ ಕೂತಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡುವ ಹೆಂಗಸು. ಸಾಹೇಬರು ಆಗಾಗ ಜೇಬಿನಿಂದ ಬಾಚಣಿಗೆ ತೆಗೆದು ಇರುವ ನಾಲ್ಕು ಕೂದಲನ್ನು ಸರಿಮಾಡಿಕೊಳ್ಳುತ್ತಿದ್ದರು. ನನ್ನ ಓರಗಿತ್ತಿ ನೀಲಿ ಶಾಲು ಹೊದ್ದು ತೊಟ್ಟಿಲಿನ ಪಕ್ಕ ನಿಂತಿದ್ದಳು. ಅದನ್ನೇ ಹೊದ್ದು ಬರಬೇಕಿತ್ತೇ?

“ಒಂದು ಸೋರಿಕೆ ಹೇಗೆ ಕೇಳಿಸುತ್ತೆ, ತೋರಿಸಿ” ಎಂದರು ಅಧಿಕಾರಿಣಿ.

ಅವಳು ಹಿಂದಿನ ವಾರದ ಒಂದು ರೆಕಾರ್ಡಿಂಗ್ ಹಾಕಿದಳು. ಚೆಂಡು ನೀರಿಗೆ ಬಿದ್ದ ಸದ್ದು. ಆಮೇಲೆ ಪೈಪಿನ ಗುಂಯ್. ಅವಳು ಬೆರಳೆತ್ತಿದಳು. “ಈಗ” ಎಂದಳು. ಒಲೆಯ ಮೇಲೆ ಹಾಲು ಉಕ್ಕುವ ಮೊದಲು ಬರುತ್ತದಲ್ಲ, ಅಂಥದೊಂದು ಸಣ್ಣ ಸದ್ದು ಬಂದು ಹೋಯಿತಂತೆ. ಸಾಹೇಬರು ಹೌದು ಹೌದು ಎಂದು ತಲೆಯಾಡಿಸಿದರು.

ಅಧಿಕಾರಿಣಿ ತಲೆಯಾಡಿಸಲಿಲ್ಲ. “ಇದು ನೀರಿಗೆ ಬಿದ್ದಲ್ಲಿಂದ ಇದೆ. ಶುರುವಿನಿಂದ ಹಾಕಿ. ಹಸಿರು ದೀಪ ಹತ್ತಿದ ಕೂಡಲೇ ಚೆಂಡು ಕೇಳಿಸಿಕೊಳ್ಳೋಕೆ ಶುರು ಮಾಡುತ್ತೆ, ಅಲ್ವಾ?”

ದೀಪ ಹತ್ತಿದ ಕೂಡಲೇನಾ? ತರಬೇತಿಯಲ್ಲಿ ನಮಗೆ ಹೇಳಿದ್ದು, ಚೆಂಡು ನೀರಿಗೆ ಬಿದ್ದ ಮೇಲೆ ದೂರದ ಲೆಕ್ಕ ಶುರು ಎಂದು. ಕಿವಿಯೂ ಆಗಲೇ ತೆರೆಯುತ್ತದೆ ಎಂದು ನಾನು ತಿಳಿದುಕೊಂಡಿದ್ದೆ. ಹಾಗೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇಷ್ಟು ಕಾಲ ಅದರ ಪಕ್ಕದಲ್ಲೇ ಕೂತು ಆಡಿದ ಒಂದೊಂದು ಮಾತೂ, ಶಾಲು, ಟೀ, ಕುದುರೆ ಎಲ್ಲವೂ, ಅದರ ಹೊಟ್ಟೆ ಸೇರಿದೆ. ಅಲ್ಲಿಂದ ನೇರವಾಗಿ ಇವಳ ಹೆಡ್‌ಫೋನಿಗೆ. ಕೂತ ಕುರ್ಚಿಯ ಕೆಳಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಶುರುವಿನದು ಇಲ್ಲ ಮೇಡಂ. ಅಳಿಸಿದೀನಿ” ಎಂದಳು ಅವಳು.

“ಇದೊಂದರಲ್ಲಾ?”

“ಎಲ್ಲದರಲ್ಲೂ.”

“ಯಾಕೆ?”

ಅವಳು ನನ್ನ ಕಡೆ ನೋಡಲಿಲ್ಲ. “ಬರೀ ಗಾಳಿ ಇತ್ತು ಮೇಡಂ.”

ಅಧಿಕಾರಿಣಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಗಾಳಿಯೋ ಬಿರುಗಾಳಿಯೋ, ಮೂಲ ರೆಕಾರ್ಡಿಂಗ್ ಮುಟ್ಟೋ ಹಾಗಿಲ್ಲ. ಇವತ್ತು ಗಾಳಿ ಅಂತ ಅಳಿಸಿದವರು ನಾಳೆ ಸೋರಿಕೇನೂ ಅಳಿಸಬಹುದು. ಇಂಥವರ ಕೈಗೆ ಊರಿನ ನೀರು ಒಪ್ಪಿಸೋದು ಹೇಗೆ?” ನನ್ನ ಕಡೆ ತಿರುಗಿದರು. “ಚೆಂಡು ಬಿಡೋರು ನೀವಲ್ವಾ? ಒಂದೂ ಕಳೆದಿಲ್ಲವಂತೆ. ಟೀ ಮುಗಿಸಿ ನಿಮ್ಮ ಹೆಸರಿಗೇ ಆದೇಶ ಬರೆಸೋಣ.”

ಬೇಕಿದ್ದದ್ದು ಸಿಕ್ಕಿತು. ಖುಷಿ ಬರಲಿ ಎಂದು ಕಾದೆ. ಬರಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. “ಯಾವಾಗಿನಿಂದ ಕೇಳ್ತಿದೀಯ?”

“ನನ್ನ ಕೈಗೆ ಬಂದ ಮೊದಲನೇ ಚೆಂಡಿನಿಂದ.”

“ಎಲ್ಲಾನೂ?”

“ಎಲ್ಲಾನೂ” ಎಂದಳು. ಶಾಲನ್ನು ಬೆರಳಿನಲ್ಲಿ ಹಿಡಿದು ತೋರಿಸಿದಳು. “ಇದು ಅತ್ತೆ ಕೊಡಿಸಿದ್ದಲ್ಲ ಅಕ್ಕ, ನಾನೇ ತಗೊಂಡಿದ್ದು. ಸಾಹೇಬರು ಟೀ ಕಳಿಸ್ತಾರೆ ನಿಜ, ಸಕ್ಕರೆ ಇರಲ್ಲ, ಅವರು ಬೇಡ ಅಂದಿದ್ದು ನನಗೆ ಬರುತ್ತೆ. ಮತ್ತೆ ನಾನು ಕುದುರೆ ಹಾಗೆ ನಗಲ್ಲ. ಅದೊಂದು ಬೇಜಾರಾಯ್ತು.”

“ನನ್ನ ಮುಖಕ್ಕೆ ಹೇಳೋಕೆ ಏನಾಗಿತ್ತು ನಿನಗೆ?”

“ಹೇಳಿದ್ರೆ ನೀವು ಮಾತು ನಿಲ್ಲಿಸಿಬಿಡ್ತಿದ್ರಿ.”

ನನಗೆ ಅರ್ಥವಾಗಲಿಲ್ಲ. ಅವಳು ಗೋಡೆಗೆ ಒರಗಿದಳು. “ಇಡೀ ದಿನ ಆ ಕೋಣೇಲಿ ಪೈಪಿನ ಸದ್ದು ಕೇಳ್ತಾ ಕೂತಿರ್ತೀನಿ ಅಕ್ಕ. ಒಬ್ಬರು ಬಂದು ಮಾತಾಡ್ಸಲ್ಲ, ಕಿವೀಲಿ ಹೆಡ್‌ಫೋನ್ ಇದೆಯಲ್ಲ ಅಂತ. ಮನುಷ್ಯರ ದನಿ ಅಂತ ಕೇಳೋದು ಆ ಶುರುವಿನ ಸ್ವಲ್ಪ ಹೊತ್ತು. ನೀವು ಬೈತೀರಿ, ನಗ್ತೀರಿ, ಹಕ್ಕಿ ಕೂಗುತ್ತೆ, ಹೂಂರಾಯ ಹೂಂ ಅಂತಾನೆ. ಬಯಲಲ್ಲಿ ಕೂತು ಹೀಗೆ ಮನಸ್ಸು ಬಿಚ್ಚಿ ಮಾತಾಡೋಕೆ ನಿಮಗೆ ಒಬ್ಬರಾದರೂ ಇದಾರಲ್ಲ ಅಂತ ನನಗೇ ಹೊಟ್ಟೆ ಉರೀತಿತ್ತು. ಎರಡೆರಡು ಸಲ ಕೇಳಿ ಆಮೇಲೆ ಅಳಿಸ್ತಿದ್ದೆ.”

ಕೇಳಿದಿರಾ? ಈ ಮನೆಯಲ್ಲಿ ಹೊಟ್ಟೆಕಿಚ್ಚಾದರೂ ನನ್ನ ಸ್ವಂತದ್ದು ಎಂದುಕೊಂಡಿದ್ದೆ. ಅದರಲ್ಲೂ ಪಾಲಿಗೆ ಬಂದಿದ್ದಾಳೆ.

“ಹುದ್ದೆ ನೀವೇ ಇಟ್ಕೊಳ್ಳಿ ಅಕ್ಕ. ಪರವಾಗಿಲ್ಲ” ಎಂದು ನನ್ನ ತೋಳು ಮುಟ್ಟಿ ಅವಳು ಮೇಲೆ ಹೊರಟಳು.

ಆ ‘ಪರವಾಗಿಲ್ಲ’ ಇದೆಯಲ್ಲ, ಅದು ನನ್ನ ಮೈಗೆ ಬೆಂಕಿ ಹಚ್ಚಿತು. ನನ್ನ ಬೈಗುಳವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಳು, ನನಗಾಗಿ ಮೇಡಂ ಹತ್ತಿರ ಬೈಸಿಕೊಂಡಳು, ಹುದ್ದೆಯನ್ನೂ ಕೈಯೆತ್ತಿ ಕೊಟ್ಟಳು. ಇನ್ನು ನಾನು ಬದುಕಿರುವಷ್ಟು ಕಾಲ ಕೆಳಗಿನ ಮನೆಯಲ್ಲಿ ಕೂತು, ತಲೆಯ ಮೇಲೆ ಅವಳ ಹೆಜ್ಜೆ ಸಪ್ಪಳ ಕೇಳುತ್ತಾ, ಇವಳು ನನ್ನನ್ನು ಕ್ಷಮಿಸಿದ್ದಾಳೆ ಎಂದು ನೆನೆಯುತ್ತಿರಬೇಕು. ಒಳ್ಳೆಯವಳು ಎನ್ನಿಸಿಕೊಳ್ಳುವುದರಲ್ಲೂ ಅವಳದೇ ಮೇಲುಗೈ ಆಗಬೇಕೇ? ಬಿಟ್ಟೇನೆಯೇ ನಾನು?

ಚೀಲದಲ್ಲಿ ಬೆಳಗಿನ ಚೆಂಡು ಇತ್ತು. ಅದಿನ್ನೂ ಅವಳ ಕೈ ಸೇರಿರಲಿಲ್ಲ.

ಕೋಣೆಗೆ ಹೋದಾಗ ಅಧಿಕಾರಿಣಿಯ ಟೀ ಇನ್ನೂ ಅರ್ಧ ಇತ್ತು. ನಾನು ಯಾರನ್ನೂ ಕೇಳದೆ ಚೆಂಡನ್ನು ತೊಟ್ಟಿಲಲ್ಲಿಟ್ಟು, ಸ್ಪೀಕರಿನ ಸದ್ದು ಏರಿಸಿದೆ.

“ಅಕ್ಕ, ಬೇಡ” ಎಂದಳು ಅವಳು.

“ಸುಮ್ಮನಿರೇ. ಮೇಡಂ, ಇವಳು ಅಳಿಸಿದ ಗಾಳಿ ಯಾವುದು ಅಂತ ನೀವೇ ಕೇಳಿ. ಶುರುವಿನಿಂದ ಇದೆ.”

ಮೊದಲು ಹಕ್ಕಿ ಕೂಗಿತು. ಆಮೇಲೆ ನನ್ನ ದನಿ. ನನ್ನ ದನಿ ಇಷ್ಟು ಕೀರಲು ಎಂದು ನನಗೆ ಗೊತ್ತಿರಲಿಲ್ಲ.

“ಇವತ್ತು ಅವಳಿಗೇ ಕೊಡ್ತಾರೆ ಬಿಡು ಹೂಂರಾಯ. ಆ ಬಾಚಣಿಗೆ ಸಾಹೇಬ ಇದಾನಲ್ಲ, ಅವಳು ಹಗಲನ್ನ ರಾತ್ರಿ ಅಂದ್ರೂ ದೀಪ ಹಚ್ಚಿಸ್ತಾನೆ.”

“ಹೂಂ” ಎಂದಿತು ಸ್ಪೀಕರು.

ಜೇಬಿಗೆ ಹೋಗುತ್ತಿದ್ದ ಸಾಹೇಬರ ಕೈ ಅಲ್ಲೇ ನಿಂತಿತು. ಶಾಲು ಬಂತು, ಅತ್ತೆ ಬಂದರು, ಕುದುರೆ ಬಂತು, ನಾನು ನಕ್ಕು ತೋರಿಸಿದ್ದೂ ಬಂತು. ಅಧಿಕಾರಿಣಿ ಲೋಟವನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ನನ್ನ ಮುಖ ಕೆಂಡದ ಹಾಗೆ ಸುಡುತ್ತಿತ್ತು, ಆದರೂ ಗದ್ದ ಎತ್ತಿಯೇ ನಿಂತಿದ್ದೆ. ಕೇಳಲಿ. ಈಗ ಇವಳ ಕ್ಷಮೆ ನನ್ನ ತಲೆಯ ಮೇಲಿಲ್ಲ. ಜೀಪನ್ನು ಬೈದದ್ದು ಮುಗಿಯಿತು. ಇನ್ನು ಚೆಂಡು ನೀರಿಗೆ ಬೀಳುತ್ತದೆ ಎಂದುಕೊಂಡೆ.

ಬೀಳಲಿಲ್ಲ. ಹಕ್ಕಿ ಮತ್ತೊಮ್ಮೆ ಕೂಗಿತು. ಆಮೇಲೆ ನನ್ನದೇ ದನಿ, ತಗ್ಗಿ ಬಂತು.

“ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡ. ಮೊನ್ನೆ ಅವಳು ರಜ ಹಾಕಿದ್ದಾಗ ನಾನೂ ಆ ಹೆಡ್‌ಫೋನ್ ಹಾಕ್ಕೊಂಡು, ಒಂದು ಚೆಂಡನ್ನ ನಡುವಿನಿಂದ ಹಾಕಿ ಕೇಳ್ತಾ ಕೂತೆ. ನನಗೇನೂ ಕೇಳಿಸಲಿಲ್ಲ. ಬರೀ ಗುಂಯ್ ಅಂತಿತ್ತು. ಮಾರನೇ ದಿನ ಅದೇ ಚೆಂಡಲ್ಲಿ ಅವಳು ಎರಡು ಸೋರಿಕೆ ಹಿಡಿದಳು. ಅಗೆದರೆ ಎರಡೂ ಇತ್ತು. ಆ ಕಿವಿ ನನಗೆ ಈ ಜನ್ಮದಲ್ಲಿ ಬರಲ್ಲ ಕಣಯ್ಯ. ಅದಕ್ಕೇ ಈ ಉರಿ.”

ಹೂಂ ಇಲ್ಲ. ಚೆಂಡು ನೀರಿಗೆ ಬಿತ್ತು.

ಇದನ್ನು ನಾನು ಮರೆತೇಬಿಟ್ಟಿದ್ದೆ. ಕಣ್ಣೆತ್ತಲು ಆಗದೆ ತೊಟ್ಟಿಲನ್ನೇ ನೋಡುತ್ತಾ ನಿಂತೆ. ಪೈಪಿನ ಗುಂಯ್ ಕೋಣೆಯಲ್ಲೆಲ್ಲ ತುಂಬಿತು. ಅದರಲ್ಲಿ ಸೋರಿಕೆ ಇದ್ದರೆ ಇವಳಿಗೆ ಮಾತ್ರ ಕೇಳಿಸಿರಬೇಕು.

ಅಧಿಕಾರಿಣಿ ಲೋಟ ಕೆಳಗಿಟ್ಟರು. “ಕೇಳಬೇಕಾದವರು ಯಾರು ಅಂತ ಬಿಡೋರೇ ಹೇಳಿಬಿಟ್ಟರಲ್ಲ. ಸಾಹೇಬರೇ, ಆದೇಶಕ್ಕೆ ಇವರ ಹೆಸರು ಬರೆಸಿ” ಎಂದು ನನ್ನ ಓರಗಿತ್ತಿಯನ್ನು ತೋರಿಸಿದರು. ಅವಳಿಗೂ ಒಂದು ಎಚ್ಚರಿಕೆ ಕೊಟ್ಟರು. ಇನ್ನು ಮುಂದೆ ಒಂದು ಚೂರನ್ನೂ ಅಳಿಸಕೂಡದು.

ಅವಳು ಬಂದು ನನ್ನ ಪಕ್ಕ ನಿಂತಳು. ಕಣ್ಣು ಒದ್ದೆಯಾಗಿತ್ತು, ಆದರೆ ತುಟಿಯ ಕೊನೆಯಲ್ಲಿ ನಗು ಕೂತಿತ್ತು. ನಾನು ಅವಳ ಕಿವಿಯ ಹತ್ತಿರ ಬಾಗಿದೆ. “ಆ ಕೊನೇ ಮಾತು ಒಂದನ್ನ ಅಳಿಸಿಬಿಡೇ, ನಿನ್ನ ದಮ್ಮಯ್ಯ.”

“ಮೂಲ ರೆಕಾರ್ಡಿಂಗ್ ಮುಟ್ಟೋ ಹಾಗಿಲ್ಲವಂತೆ ಅಕ್ಕ” ಎಂದಳು. ಹೇಳಿ, ಕುದುರೆ ಹಾಗೆಯೇ ನಕ್ಕಳು.